ಡಬ್ಬದಿಂದ ತೆಗೆದ ಕಂಪ್ಯೂಟರಿಗೆ ಯಾವ ಐಪಿ ವಿಳಾಸ? ನನ್ನ ಅನುಭವ

ಪೀಣ್ಯದಲ್ಲಿ ನಾವು ತಯಾರಿಸುವುದು ಅಂಗೈಯಗಲದ ಕಂಪ್ಯೂಟರು. ಕಾರ್ಖಾನೆಯ ಯಂತ್ರದ ಪಕ್ಕ ಕೂತು ತಾಪಮಾನ, ಒತ್ತಡ, ಕರೆಂಟಿನ ಬಳಕೆ ದಾಖಲಿಸುವುದು ಅದರ ಕೆಲಸ. ಅದನ್ನು ಜೋಡಿಸುವವರು ಹೆಚ್ಚಾಗಿ ಎಲೆಕ್ಟ್ರಿಷಿಯನ್‌ಗಳು. ನೆಟ್‌ವರ್ಕ್ ನೋಡಿಕೊಳ್ಳುವವರು ಬೇರೆ ಊರಲ್ಲಿರುತ್ತಾರೆ. ಹಾಗಾಗಿ ಕೇಬಲ್ ಚುಚ್ಚಿದ ಕೂಡಲೇ ಅದು ಯಾವ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಹಿಡಿಯಬೇಕು ಎಂಬುದನ್ನು ನಾನು ಇಲ್ಲೇ ತೀರ್ಮಾನಿಸಬೇಕಿತ್ತು.

ಎಲ್ಲ ಕಂಪ್ಯೂಟರಿಗೂ 192.168.1.10 ಕೊಟ್ಟು ಕೈಪಿಡಿಯಲ್ಲಿ ಅಚ್ಚು ಹಾಕಿಸೋಣ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ನೆಟ್‌ವರ್ಕ್ ಕೇಬಲ್‌ಗಳನ್ನು ಕೂಡಿಸುವ ಒಂದೇ ಸ್ವಿಚ್ಚಿಗೆ ಎರಡು ಸೇರಿದರೆ ಅವೆರಡೇ ಕಚ್ಚಾಡುತ್ತವೆ. ಆ ವಿಳಾಸ ಅಲ್ಲಿ ಮೊದಲೇ ಇರುವ, ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಎಂಬ ನಿಯಂತ್ರಕದ್ದಾಗಿದ್ದರಂತೂ ನಮ್ಮಿಂದ ಅವರ ಉತ್ಪಾದನೆಯೇ ನಿಲ್ಲಬಹುದು. 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ನಿಯಮಗಳ ದಾಖಲೆ ಈ ವಿಳಾಸಗಳನ್ನು ಖಾಸಗಿ ಬಳಕೆಗೆ ಬಿಟ್ಟಿರುವುದು ನಿಜ. ಆದರೆ ಅವನ್ನು ಹಂಚುವ ಹಕ್ಕು ಆ ಕಾರ್ಖಾನೆಯವರದು, ನಮ್ಮದಲ್ಲ.

ಆದ್ದರಿಂದ ನಮ್ಮ ಕಂಪ್ಯೂಟರ್ ಮೊದಲು ಡಿಎಚ್‌ಸಿಪಿ, ಅಂದರೆ ನೆಟ್‌ವರ್ಕೇ ವಿಳಾಸ ಹಂಚುವ ವ್ಯವಸ್ಥೆಯ ಮೂಲಕ ವಿಳಾಸ ಕೇಳುತ್ತದೆ. ಯಾರೂ ಕೊಡದಿದ್ದರೆ 169.254ರ ಗುಂಪಿನಿಂದ ಒಂದನ್ನು ಆರಿಸಿಕೊಳ್ಳುತ್ತದೆ. 2005ರ ಆರ್‌ಎಫ್‌ಸಿ 3927 ಇದರ ಕ್ರಮ ಹೇಳುತ್ತದೆ: ಮ್ಯಾಕ್ ವಿಳಾಸವನ್ನು (ಯಂತ್ರದ ನೆಟ್‌ವರ್ಕ್ ಭಾಗಕ್ಕೆ ತಯಾರಿಕೆಯಲ್ಲೇ ಕೊಟ್ಟ ಗುರುತು) ಬೀಜವಾಗಿಟ್ಟು ಯಾದೃಚ್ಛಿಕವಾಗಿ ಆರಿಸು, ಬೇರೆ ಯಾರಾದರೂ ಬಳಸುತ್ತಿದ್ದಾರೆಯೇ ಎಂದು ಮೂರು ಸಲ ಎಆರ್‌ಪಿಯಲ್ಲಿ (ಈ ವಿಳಾಸ ಯಾರದು ಎಂದು ಅದೇ ನೆಟ್‌ವರ್ಕಿನವರನ್ನು ಕೇಳುವ ವಿಧಾನ) ವಿಚಾರಿಸು, ಯಾರಾದರೂ ಓಗೊಟ್ಟರೆ ಬೇರೆಯದನ್ನು ನೋಡು. ಅಲ್ಲಿ 65,024 ವಿಳಾಸಗಳಿವೆ. 1300 ಯಂತ್ರಗಳು ಈಗಾಗಲೇ ಇದ್ದರೂ ಹೊಸದಕ್ಕೆ ಮೊದಲ ಯತ್ನದಲ್ಲೇ ಖಾಲಿ ವಿಳಾಸ ಸಿಗುವ ಸಾಧ್ಯತೆ ಶೇ. 98. ಈ ಗುಂಪಿನ ಪ್ಯಾಕೆಟ್ಟನ್ನು (ನೆಟ್‌ವರ್ಕಿನಲ್ಲಿ ಸಾಗುವ ಮಾಹಿತಿಯ ತುಣುಕು) ರೌಟರ್ ದಾಟಿಸಬಾರದು ಎಂಬ ನಿಯಮವೂ ಇರುವುದರಿಂದ ತೊಂದರೆ ಹೊರಗೆ ಹಬ್ಬುವುದಿಲ್ಲ.

ವಿಳಾಸ ಮೊದಲೇ ಗೊತ್ತಿಲ್ಲದಿದ್ದರೆ ಕಂಪ್ಯೂಟರನ್ನು ಹುಡುಕುವುದು ಹೇಗೆ? ಸರಣಿ ಸಂಖ್ಯೆ ಸೇರಿಸಿದ, ಡಾಟ್ ಲೋಕಲ್ ಎಂದು ಮುಗಿಯುವ ಹೆಸರನ್ನು ಸ್ಟಿಕ್ಕರಿನಲ್ಲಿ ಮುದ್ರಿಸಿ ಮೇಲೆ ಅಂಟಿಸುತ್ತೇವೆ. ಸ್ಥಳೀಯ ನೆಟ್‌ವರ್ಕಿನಲ್ಲೇ ಹೆಸರಿನಿಂದ ವಿಳಾಸ ಹುಡುಕಿಕೊಡುವ ಎಂಡಿಎನ್‌ಎಸ್ ಇರುವುದರಿಂದ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಅದನ್ನು ಹೊಡೆದರೆ ಸೆಟಪ್ ಪುಟ ತೆರೆಯುತ್ತದೆ. ಎಲೆಕ್ಟ್ರಿಷಿಯನ್‌ಗಳಿಗೂ ಇದೇ ಹಿಡಿಸಿತು.

ಹೆಚ್ಚು ತಲೆ ಕೆಡಿಸಿದ್ದು ಒಳಗಿನ ಡಾಕರ್, ಅಂದರೆ ಪ್ರೋಗ್ರಾಮುಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿಟ್ಟಂತೆ ಓಡಿಸುವ ತಂತ್ರಾಂಶ. ಅದು ತಾನಾಗಿ 172.17.0.0/16 ಎಂಬ ವಿಳಾಸಗಳ ಗುಂಪನ್ನು ಹಿಡಿಯುತ್ತದೆ (ಗೆರೆಯ ನಂತರದ ಸಂಖ್ಯೆ ದೊಡ್ಡದಾದಷ್ಟೂ ಗುಂಪು ಚಿಕ್ಕದು). ಗ್ರಾಹಕರ ಮುಖ್ಯ ಕಚೇರಿಯೂ ಅದೇ ಗುಂಪಿನಲ್ಲಿದ್ದರೆ, ಪಕ್ಕದ ಯಂತ್ರದಿಂದ ಪಿಂಗ್ (ಇದ್ದೀಯಾ ಎಂದು ಕೇಳಿ ಉತ್ತರ ಪಡೆಯುವ ಪರೀಕ್ಷೆ) ಆಗುತ್ತದೆ, ಕಚೇರಿಯಿಂದ ಮಾತ್ರ ಆಗುವುದಿಲ್ಲ. ಉತ್ತರ ಹೊರಗೆ ಹೋಗದೆ ಡಾಕರಿನೊಳಗೇ ತಿರುಗುತ್ತದೆ. 100.64.0.0/10ಕ್ಕೆ ಸರಿಸೋಣ ಎಂದು ಕೆಲವರು ಹೇಳಿದರು. ಅದು 2012ರಲ್ಲಿ ಇಂಟರ್ನೆಟ್ ಸೇವೆ ಕೊಡುವವರಿಗಾಗಿ ಮೀಸಲಿಟ್ಟದ್ದು, 4ಜಿ ಸಿಮ್ಮಿಗೂ ಅಲ್ಲಿಂದಲೇ ವಿಳಾಸ ಬರಬಹುದು, ಹಾಗಾಗಿ ಬೇಡವೆಂದೆ. ಡಾಕರಿಗೆ ಒಂದು ಚಿಕ್ಕ /24 ಕೊಟ್ಟು, ಅದನ್ನು ಸೆಟಪ್ ಪುಟದಲ್ಲೇ ಬದಲಿಸುವಂತೆ ಮಾಡಿದೆವು.

ಇನ್ನು ಇಂಟರ್ನೆಟ್ಟಿನ ಸಾರ್ವಜನಿಕ ವಿಳಾಸವನ್ನು ಫರ್ಮ್‌ವೇರಿನಲ್ಲಿ (ಕಂಪ್ಯೂಟರಿನೊಳಗೆ ತುಂಬಿಸಿ ಕಳಿಸುವ ತಂತ್ರಾಂಶ) ಬರೆಯುವುದೇ ಇಲ್ಲ. 2003ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಮಯದ ಸರ್ವರಿನ ವಿಳಾಸ ಮನೆಬಳಕೆಯ ರೌಟರುಗಳಲ್ಲಿ ಅಚ್ಚಾಗಿಹೋಗಿ, ಸೆಕೆಂಡಿಗೆ ಲಕ್ಷಗಟ್ಟಲೆ ಪ್ಯಾಕೆಟ್ ಅಲ್ಲಿಗೆ ಸುರಿದವು. ಮಾರಾಟವಾದ ರೌಟರನ್ನು ವಾಪಸ್ ಕರೆಯುವವರು ಯಾರು? ನಮ್ಮಲ್ಲಿ ಸಮಯದ ಸರ್ವರಿಗೆ ನಮ್ಮದೇ ಡೊಮೈನಿನ ಹೆಸರಿದೆ. ಅದು ಎತ್ತ ತೋರಿಸಬೇಕೆಂದು ನಾವೇ ಬದಲಿಸಬಹುದು.

ಕೈಪಿಡಿಯ ಉದಾಹರಣೆಗಳಲ್ಲಿ ಈಗ 192.0.2ರ ವಿಳಾಸಗಳು ಮಾತ್ರ ಇವೆ. ದಾಖಲೆಗಳಿಗೆಂದೇ ಮೀಸಲಾದ ಗುಂಪದು. ಯಾರಾದರೂ ಇದ್ದದ್ದನ್ನು ಇದ್ದ ಹಾಗೇ ಟೈಪ್ ಮಾಡಿದರೂ ಇನ್ನೊಬ್ಬರ ಯಂತ್ರಕ್ಕೆ ತಗಲುವುದಿಲ್ಲ.