ಆ ರಾತ್ರಿ ಅಟೆನೊಲಾಲ್ ಕೊಡದೇ ಇದ್ದದ್ದಕ್ಕೆ ಕಾರಣ

ಐಸಿಯುಗೆ ಬಂದ ಅಮ್ಮನಿಗೆ 62 ವರ್ಷ. ನಾಲ್ಕು ದಿನದಿಂದ ವಾಂತಿ, ಭೇದಿ. ಮನೆಯಲ್ಲಿ ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದರು. ಮಗಳು ತಂದಿದ್ದ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿದೆ. ಬಿಪಿಗೆ ಅಟೆನೊಲಾಲ್ (ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಗುಂಪಿನದು), ಜೊತೆಗೆ ಮೂತ್ರ ಹೋಗುವ ಮಾತ್ರೆ, ಭೇದಿಗೆಂದು ಅಜಿತ್ರೋಮೈಸಿನ್, ವಾಂತಿಗೆ ಒಂಡಾನ್ಸೆಟ್ರಾನ್.

ಬಡಿತ ನಿಮಿಷಕ್ಕೆ 46. ಪೊಟ್ಯಾಸಿಯಂ 2.8, ತುಂಬಾ ಕಡಿಮೆ. ಇಸಿಜಿಯಲ್ಲಿ ಕ್ಯೂಟಿ (ಪ್ರತಿ ಬಡಿತದ ನಂತರ ಹೃದಯ ಮತ್ತೆ ಸಜ್ಜಾಗುವವರೆಗಿನ ಹೊತ್ತು), ಬಡಿತಕ್ಕೆ ಸರಿಹೊಂದಿಸಿದ ಮೇಲೂ, 580 ಮಿಲಿಸೆಕೆಂಡ್. 500 ದಾಟಿದರೇ ನಮಗೆ ಭಯ. ಕಾಗದ ಕೈಯಲ್ಲಿರುವಾಗಲೇ ಮಾನಿಟರ್‌ನಲ್ಲಿ ಬಡಿತ ಒಂದು ಕ್ಷಣ ತಡೆಯಿತು. ಆಮೇಲೆ ಗೆರೆಗಳು ಹಗ್ಗ ಹೊಸೆದ ಹಾಗೆ ತಿರುಚಿಕೊಂಡವು. ಟೊರ್ಸಾಡ್! ಕ್ಯೂಟಿ ಉದ್ದವಾದಾಗ ಬರುವ, ಜೀವಕ್ಕೇ ಅಪಾಯವಾಗಬಲ್ಲ ಬಡಿತ. ಏಳೆಂಟು ಸೆಕೆಂಡಿನಲ್ಲಿ ತಾನಾಗಿಯೇ ನಿಂತಿತು.

"ಸರ್, ಕ್ಯೂಟಿ ಉದ್ದ ಇದ್ರೆ ಬೀಟಾ ಬ್ಲಾಕರ್ ಕೊಡಬೇಕಲ್ವಾ?" ಎಂದಳು ಜೊತೆಯಲ್ಲಿದ್ದ ಪಿಜಿ ಹುಡುಗಿ.

ಒಳ್ಳೆಯ ಪ್ರಶ್ನೆ. ಹುಟ್ಟಿನಿಂದ ಕ್ಯೂಟಿ ಉದ್ದವಿರುವವರಿಗೆ ಅದೇ ಮುಖ್ಯ ಔಷಧಿ. ಅವರಲ್ಲಿ ಹೆಚ್ಚಿನವರಿಗೆ ಓಡಿದಾಗ, ಗಾಬರಿಯಾದಾಗ ತೊಂದರೆ ಶುರುವಾಗುತ್ತದೆ. ಔಷಧಿಯಿಂದ ಬಂದದ್ದು ಬೇರೆ. ಈ ಅಮ್ಮನದು ಅದೇ: ಅಜಿತ್ರೋಮೈಸಿನ್, ಒಂಡಾನ್ಸೆಟ್ರಾನ್ ಎರಡೂ ಕ್ಯೂಟಿಯನ್ನು ಎಳೆಯುತ್ತವೆ, ಪೊಟ್ಯಾಸಿಯಂ ಕಡಿಮೆಯಾದರೆ ಇನ್ನೂ ಹೆಚ್ಚು. ಇಲ್ಲಿ ಬಡಿತ ನಿಧಾನವಾದಷ್ಟೂ ಕ್ಯೂಟಿ ಇನ್ನೂ ಎಳೆಯುತ್ತದೆ. ಒಂದು ತಡೆ ಸಿಕ್ಕರೆ ಸಾಕು, ಅದರ ಬೆನ್ನಿಗೇ ಟೊರ್ಸಾಡ್ ಬರುತ್ತದೆ. ಆ ತಡೆಗೆ ದಾರಿ ಮಾಡಿಕೊಟ್ಟವುಗಳಲ್ಲಿ ಅಟೆನೊಲಾಲ್ ಕೂಡ ಒಂದು ಎಂದು ನನಗನ್ನಿಸಿತು. ಸೊಟಲಾಲ್ ಎಂಬ ಬೀಟಾ ಬ್ಲಾಕರ್ ಅಂತೂ ತಾನೇ ಕ್ಯೂಟಿಯನ್ನು ಉದ್ದ ಮಾಡುತ್ತದೆ.

ಅಟೆನೊಲಾಲ್ ಸೇರಿ ಮೂರೂ ಔಷಧಿ ನಿಲ್ಲಿಸಿದೆ, ಮೂತ್ರದ ಮಾತ್ರೆಯನ್ನೂ ಬಿಡಿಸಿದೆ. ಮೆಗ್ನೀಷಿಯಂ 2 ಗ್ರಾಂ ಹತ್ತು ನಿಮಿಷದಲ್ಲಿ ಕೊಟ್ಟೆವು. ಪೊಟ್ಯಾಸಿಯಂ 4.5 ದಾಟುವವರೆಗೂ ಬಿಡಲಿಲ್ಲ. ಆದರೂ ಅರ್ಧ ಗಂಟೆಗೆ ಮತ್ತೆ ಅದೇ ಹಗ್ಗ. ಐಸೊಪ್ರೆನಲಿನ್ ಹನಿ ಶುರು ಮಾಡಿ ಬಡಿತವನ್ನು 95ಕ್ಕೆ ಏರಿಸಿದೆ. ಹಾರ್ಟಿನ ಬಡಿತದ ತೊಂದರೆ ಇರುವವರಿಗೆ ಬಡಿತ ಏರಿಸುವಾಗ ಕೈ ತಡೆಯುತ್ತದೆ, ನಿಜ. ಆದರೆ ಇಲ್ಲಿ ಬಡಿತ ಏರಿದರೆ ಕ್ಯೂಟಿ ಗಿಡ್ಡವಾಗುತ್ತದೆ. ಇದರಿಂದಾಗದಿದ್ದರೆ ಎಂದು ವಿದ್ಯುತ್ತಿನಿಂದ ಬಡಿತ ನಡೆಸುವ ತಾತ್ಕಾಲಿಕ ಪೇಸಿಂಗ್‌ಗೂ ಸಿದ್ಧ ಮಾಡಿಟ್ಟಿದ್ದೆವು, ಬೇಕಾಗಲಿಲ್ಲ. ಆಮೇಲೆ ಟೊರ್ಸಾಡ್ ಬರಲಿಲ್ಲ.

ಹಾಗಂತ ಔಷಧಿಯಿಂದ ಬಡಿತ ಕೆಟ್ಟಾಗಲೆಲ್ಲ ಬೀಟಾ ಬ್ಲಾಕರ್ ಬೇಡ ಅಂತಲ್ಲ. ಉಸಿರಾಟದ ತೊಂದರೆಗೆ ಕೊಡುವ ಥಿಯೋಫಿಲಿನ್ ಜಾಸ್ತಿಯಾಗಿ ಬಡಿತ 160 ಓಡುತ್ತಿದ್ದ ಒಬ್ಬರಿಗೆ ನಾನೇ ಎಸ್ಮೊಲಾಲ್ ಎಂಬ ಬೀಟಾ ಬ್ಲಾಕರ್ ಕೊಟ್ಟು ಇಳಿಸಿದ್ದೇನೆ. ಅದರ ಪ್ರಭಾವ ನಿಮಿಷಗಳಲ್ಲೇ ಇಳಿಯುತ್ತದೆ, ಆ ಧೈರ್ಯ ನನಗಿತ್ತು. ಆಸ್ತಮಾ ಇದ್ದಿದ್ದರೆ ಮಾತ್ರ ತುಂಬಾ ಯೋಚಿಸುತ್ತಿದ್ದೆ, ಬೀಟಾ ಬ್ಲಾಕರ್ ಉಸಿರಿನ ನಾಳಗಳನ್ನು ಬಿಗಿಯಾಗಿಸಬಹುದು.

ಅಜಿತ್ರೋಮೈಸಿನ್ ಮೈಯಿಂದ ಹೋಗಲು ದಿನಗಟ್ಟಲೆ ಬೇಕು. ಹಾಗಾಗಿ ಐದು ದಿನ ಮಾನಿಟರ್ ತೆಗೆಯಲಿಲ್ಲ. ಮನೆಗೆ ಹೊರಟಾಗ ಕ್ಯೂಟಿ 440. ಬಿಪಿಗೆ ಆಮ್ಲೊಡಿಪಿನ್ ಬರೆದೆ. ಬೇಡದ ಔಷಧಿಗಳ ಹೆಸರನ್ನು ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೊಟ್ಟೆ. ಮಗಳು ಅದರ ಫೋಟೊ ತೆಗೆದುಕೊಂಡಳು.