ಮೈದಾನದಿಂದ ಗಡಿಗೆರೆಗೆ: ನನ್ನ ಫುಟಿ ಅನುಭವ

ಮೆಲ್ಬರ್ನಿನ ಪಶ್ಚಿಮ ಭಾಗದ ಸ್ಥಳೀಯ ಕ್ಲಬ್ಬೊಂದಕ್ಕೆ ನಾನು ಕೆಲವು ವರ್ಷ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಡಿದೆ. ಇಲ್ಲಿಯವರ ಬಾಯಲ್ಲಿ ಅದು ‘ಫುಟಿ’. ಮೊಣಕಾಲಿನ ಲಿಗಮೆಂಟ್ ಹರಿದು ಆಟ ನಿಂತಾಗ ಕ್ಲಬ್ಬಿನವರು ಹನ್ನೆರಡು ವರ್ಷದೊಳಗಿನ ಮಕ್ಕಳ ತಂಡವನ್ನು ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ಒಪ್ಪಿಕೊಂಡೆ. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ವಿಕ್ಟೋರಿಯಾ ರಾಜ್ಯದಲ್ಲಿ ಕಡ್ಡಾಯವಾಗಿರುವ ಪರಿಶೀಲನೆ, ತರಬೇತುದಾರರ ಪಾಠಗಳು, ಎಲ್ಲ ಸುಲಭವಾಗಿಯೇ ಮುಗಿದವು.

ಕಷ್ಟ ಶುರುವಾದದ್ದು ಡ್ರಾಪ್ ಪಂಟ್, ಅಂದರೆ ಕೈಯಿಂದ ಇಳಿಬಿಟ್ಟ ಚೆಂಡನ್ನು ನೆಲ ಮುಟ್ಟುವ ಮೊದಲೇ ಒದೆಯುವುದನ್ನು, ಕಲಿಸಲು ನಿಂತಾಗ. ಆಡುವಾಗ ಅದು ಕಾಲಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಹಾಗಾಗಿ ಅದನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡಿದೆ. ಮೊಟ್ಟೆಯಾಕಾರದ ಚೆಂಡನ್ನು ನೆಟ್ಟಗೆ, ಹೊಲಿಗೆಯ ದಾರ ಮುಂದಕ್ಕೆ ಬರುವಂತೆ ಹಿಡಿಯಬೇಕು. ಬಲಗಾಲಿನವರು ಎಡಗೈ ತೆಗೆದು ಬಲಗೈಯೊಂದರಿಂದಲೇ ಚೆಂಡನ್ನು ಇಳಿಬಿಡಬೇಕು. ಕಾಲ್ಬೆರಳು ಚಾಚಿರಬೇಕು, ಪಾದದ ಮೇಲ್ಭಾಗದ ಗಟ್ಟಿ ಮೂಳೆ ಚೆಂಡಿನ ಕೆಳತುದಿಗೆ ತಾಗಬೇಕು. ಆಗ ಚೆಂಡು ಹಿಂದಕ್ಕೆ ಉರುಳಿಕೊಳ್ಳುತ್ತ ನೇರವಾಗಿ ಹೋಗುತ್ತದೆ. ಒದೆತ ಕೆಡುವುದು ಹೆಚ್ಚಾಗಿ ಕೈಯಲ್ಲಿ ಎಂಬುದನ್ನು ಮಕ್ಕಳು ನಂಬುವುದೇ ಇಲ್ಲ. ಎಡಗಾಲಿನ ಹುಡುಗಿಯೊಬ್ಬಳ ಚೆಂಡು ಪ್ರತಿ ಸಲವೂ ಪಕ್ಕಕ್ಕೆ ಓಡುತ್ತಿತ್ತು. ಒದೆಯಬೇಡ, ಸುಮ್ಮನೆ ಹುಲ್ಲಿನ ಮೇಲೆ ಬಿಡು ಎಂದೆ. ಬೀಳುವಾಗ ಚೆಂಡು ವಾಲುತ್ತಿರುವುದು ಅವಳಿಗೇ ಕಂಡಿತು. ಮುಂದಿನ ವಾರಗಳಲ್ಲಿ ಅಭ್ಯಾಸದ ಮೊದಲ ಹೊತ್ತನ್ನೆಲ್ಲ ಅವಳು ಚೆಂಡು ಬಿಡುವುದಕ್ಕೇ ಕೊಟ್ಟಳು. ಆಮೇಲೆ ಅವಳ ಒದೆತವನ್ನು ನಾನು ತಿದ್ದಬೇಕಾಗಿ ಬರಲಿಲ್ಲ.

ಪಂದ್ಯ ನಡೆಸುವ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಫುಟಿಯ ಹೆಸರಾಂತ ಆಟಗಾರ, ತರಬೇತುದಾರ ರಾನ್ ಬರಾಸಿಯವರ ಬದುಕು. ತಂದೆ 1941ರಲ್ಲಿ ಟೊಬ್ರುಕ್‌ನಲ್ಲಿ ಯುದ್ಧದಲ್ಲಿ ಮಡಿದರು. ಮುಂದೆ ಹುಡುಗ ಮೆಲ್ಬರ್ನ್ ತಂಡದ ತರಬೇತುದಾರ ನಾರ್ಮ್ ಸ್ಮಿತ್ ಅವರ ಮನೆಯಲ್ಲೇ ಇದ್ದು ಆಟಗಾರನಾದ. ಆ ತಂಡದೊಂದಿಗೆ ಆರು ಪ್ರೀಮಿಯರ್‌ಶಿಪ್ (ಲೀಗಿನ ವಾರ್ಷಿಕ ಚಾಂಪಿಯನ್ ಪಟ್ಟ) ಗೆದ್ದು, 1965ರಲ್ಲಿ ಕಾರ್ಲ್‌ಟನ್ ತಂಡಕ್ಕೆ ನಾಯಕನೂ ತರಬೇತುದಾರನೂ ಆಗಿ ಹೋದರು. 1970ರ ಫೈನಲ್‌ನಲ್ಲಿ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ (ಎಂಸಿಜಿ) ಸೇರಿದ್ದ ಜನ 1,21,696. ಮಧ್ಯಂತರದ ಹೊತ್ತಿಗೆ ಕಾರ್ಲ್‌ಟನ್ ಕಾಲಿಂಗ್‌ವುಡ್‌ಗಿಂತ 44 ಅಂಕ ಹಿಂದಿತ್ತು. ಬರಾಸಿ ಟೆಡ್ ಹಾಪ್‌ಕಿನ್ಸ್‌ರನ್ನು ಬದಲಿ ಆಟಗಾರನಾಗಿ ಇಳಿಸಿದರು, ಧೈರ್ಯವಾಗಿ ಹ್ಯಾಂಡ್‌ಬಾಲ್ ಆಡಿ ಎಂದರು. ಈ ಆಟದಲ್ಲಿ ಚೆಂಡನ್ನು ಎಸೆಯುವಂತಿಲ್ಲ. ಒಂದು ಅಂಗೈ ಮೇಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಕೊಡಬೇಕು. ಹಾಪ್‌ಕಿನ್ಸ್ ನಾಲ್ಕು ಗೋಲು ಹೊಡೆದರು, ಕಾರ್ಲ್‌ಟನ್ 10 ಅಂಕಗಳಿಂದ ಗೆದ್ದಿತು.

ಬರಾಸಿ ಎಂದರೆ ಜನ ಅವರ ಅಬ್ಬರವನ್ನು ನೆನೆಯುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅವರು ಕೊಟ್ಟ ಸೂಚನೆ. ಸೋತು ಸುಸ್ತಾದವನಿಗೂ ಅದು ಅರ್ಥವಾಗುತ್ತದೆ, ಮರುಕ್ಷಣವೇ ಮಾಡಲೂ ಬರುತ್ತದೆ. ನಮ್ಮ ಮಕ್ಕಳು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಚೆಂಡಿಗೆ ಮುತ್ತುತ್ತಾರೆ. ಹಾಗಾಗಿ ಕ್ವಾರ್ಟರ್ ವಿರಾಮದಲ್ಲಿ ಒಂದೇ ಮಾತು ಹೇಳುತ್ತೇನೆ: ಚೆಂಡು ಸಿಕ್ಕವರು ಗುಂಪಿನ ಹೊರಗಿರುವ ಗೆಳೆಯನನ್ನು ಹುಡುಕಿ ಕೊಡಿ. ಮಿಕ್ಕದ್ದೆಲ್ಲ ವಾರದ ಅಭ್ಯಾಸಕ್ಕೆ.

ಬರಾಸಿ ಮೆಲ್ಬರ್ನ್‌ಗೆ ಮರಳಿ ತರಬೇತುದಾರರಾಗಿದ್ದಾಗ, ದುಂಡು ಚೆಂಡಿನ ಗೇಲಿಕ್ ಫುಟ್‌ಬಾಲ್ ಆಡಿಕೊಂಡಿದ್ದ ಜಿಮ್ ಸ್ಟೈನ್ಸ್ ಎಂಬ ಡಬ್ಲಿನ್ ಹುಡುಗನನ್ನು ಕ್ಲಬ್ ಕರೆಸಿಕೊಂಡಿತು. ಆತ 1991ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದರು. ಹೊರಗಿನಿಂದ ಬಂದ ನನಗೆ ಈ ಕಥೆ ತುಂಬಾ ಹತ್ತಿರದ್ದು. ಕನ್ನಡದ ತಂದೆತಾಯಂದಿರು ತಮ್ಮ ಮಗುವಿಗೆ ಇದು ಬರುತ್ತದೆಯೇ ಎಂದು ಕೇಳಿದಾಗ ಇದನ್ನೇ ಹೇಳುತ್ತೇನೆ. ಕ್ರಿಕೆಟ್ ಆಡಿ ಬಂದ ಮಕ್ಕಳು ಎತ್ತರದ ಚೆಂಡಿಗೆ ಹೆದರುವುದಿಲ್ಲ, ಅವರಿಗೆ ಮಾರ್ಕ್, ಅಂದರೆ ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿಯುವುದು, ಬೇಗ ಬರುತ್ತದೆ. ಅಂಥವರನ್ನು ಮೊದಲು ರಕ್ಷಣೆಯ ಸಾಲಿನಲ್ಲಿ ನಿಲ್ಲಿಸಿ, ಒದೆತ ಹದಕ್ಕೆ ಬಂದ ಮೇಲೆ ಮುಂದಿನ ಸಾಲಿಗೆ ಕರೆಯುತ್ತೇನೆ.