ಬಾಡಿಗೆದಾರರ ಜೊತೆ ತಕರಾರು ಬಂದಾಗ ನಾನು ಅನುಸರಿಸುವ ಕ್ರಮ

ಒಂದೆರಡು ಮನೆ ಬಾಡಿಗೆಗೆ ಕೊಟ್ಟವರಿಗೆ ಮ್ಯಾನೇಜರೂ ಇರುವುದಿಲ್ಲ, ತಿಂಗಳ ಸಂಬಳದ ವಕೀಲರೂ ಇರುವುದಿಲ್ಲ. ಎರಡು ತಿಂಗಳು ಬಾಡಿಗೆ ನಿಂತರೆ ನಮ್ಮ ಸಾಲದ ಕಂತು ತಪ್ಪುತ್ತದೆ. ಆ ಆತಂಕದಲ್ಲಿ ಬಾಗಿಲ ಮುಂದೆ ನಿಂತು ಕೂಗಾಡಿದರೆ ಬಾಕಿ ವಸೂಲಾಗುವುದಿಲ್ಲ, ಮುಂದೆ ನಮ್ಮ ಮೇಲೇ ಸಾಕ್ಷಿಯಾಗುತ್ತದೆ. ಹಾಗಾಗಿ ಅಳೆದು ಬರೆದಿಡಬಹುದಾದ ಸಂಗತಿಯ ಬಗ್ಗೆ ಮಾತ್ರ ಮಾತಾಡುವುದು ನನ್ನ ಪದ್ಧತಿ. ಬಾಕಿ ಎಷ್ಟು, ತೇವ ಎಲ್ಲಿಂದ ಬರುತ್ತಿದೆ, ಮೀಟರ್ ಏನು ಹೇಳುತ್ತಿದೆ, ಕೊಟ್ಟ ಕೀಲಿಕೈ ಎಷ್ಟು. ಅವರ ಗುಣ, ನಡತೆ, ಮನೆತನದ ವಿಚಾರ ನನ್ನ ಬಾಯಿಗೆ ಬರುವುದಿಲ್ಲ.

ಅರ್ಧ ಜಗಳ ಕೀಲಿಕೈ ಕೊಡುವ ದಿನವೇ ತೀರ್ಮಾನವಾಗಿರುತ್ತದೆ. ಮನೆ ಖಾಲಿ ಇರುವಾಗ ಬಾಡಿಗೆದಾರರನ್ನು ಜೊತೆಗೆ ಕರೆದುಕೊಂಡು, ಪ್ರತಿ ಕೋಣೆಯಲ್ಲೂ ಬಾಗಿಲಿನಿಂದ ಶುರುಮಾಡಿ ಬಲಕ್ಕೆ ಸುತ್ತುತ್ತಾ ಹೋಗುತ್ತೇನೆ. ಯಾವಾಗಲೂ ಒಂದೇ ದಿಕ್ಕಿಗೆ ಸುತ್ತಿದರೆ ಯಾವ ಗೋಡೆಯೂ ತಪ್ಪುವುದಿಲ್ಲ. ನಾಲ್ಕು ಮೂಲೆಗಳಿಂದ ನಾಲ್ಕು ಅಗಲವಾದ ಫೋಟೋ, ಆಮೇಲೆ ಬಿರುಕು, ಗೀರು, ಕಲೆಗಳ ಹತ್ತಿರದ ಫೋಟೋ. ಹತ್ತಿರದ ಫೋಟೋದಲ್ಲಿ ಅಳತೆ ಟೇಪ್ ಕಾಣಬೇಕು, ಇಲ್ಲವಾದರೆ 2 ಸೆಂಟಿಮೀಟರ್ ಬಿರುಕೂ 20 ಸೆಂಟಿಮೀಟರ್ ಬಿರುಕೂ ಒಂದೇ ಥರ ಕಾಣುತ್ತವೆ. ಸಾಮಾನ್ಯವಾಗಿ ಬಿಟ್ಟುಹೋಗುವ ಜಾಗಗಳು ಸಿಂಕ್ ಕೆಳಗಿನ ಕಪಾಟು, ಬಾಗಿಲ ಹಿಂಬದಿ, ಕಿಟಕಿ ಚೌಕಟ್ಟಿನ ತಳ, ಬಚ್ಚಲಿನ ನೀರು ಹೋಗುವ ಜಾಲರಿ. ನಲ್ಲಿ, ಫ್ಲಷ್, ಸ್ವಿಚ್‌ಗಳನ್ನು ಹಾಕಿ ತೆಗೆದು ವಿಡಿಯೋ ಮಾಡಬೇಕು; ಕೆಲಸ ಮಾಡುತ್ತಿತ್ತೋ ಇಲ್ಲವೋ ಎನ್ನುವುದನ್ನು ಫೋಟೋ ಹೇಳುವುದಿಲ್ಲ. ನೀರು ಮತ್ತು ವಿದ್ಯುತ್ ಮೀಟರಿನ ಫೋಟೋದಲ್ಲಿ ರೀಡಿಂಗ್ ಜೊತೆ ಮೀಟರಿನ ನಂಬರೂ ಬರಬೇಕು. ಕೊನೆಗೆ ಎಲ್ಲ ಕೀಲಿಕೈಗಳನ್ನು, ಮನೆಯ ಸ್ಥಿತಿ ಬರೆದ ವರದಿಯ ಹಾಳೆಯ ಮೇಲೆ ಹರಡಿ ಇನ್ನೊಂದು ಫೋಟೋ.

ಈ ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಅಳಿಸಿಹೋಗುತ್ತದೆ. ಅದಕ್ಕೇ ಮೂಲ ಫೈಲುಗಳನ್ನು ಇಮೇಲ್‌ನಲ್ಲಿ ಅವರಿಗೂ ಕಳಿಸಿ, ಮೂಲಪ್ರತಿಯನ್ನು ನನ್ನ ಹತ್ತಿರವೂ ಇಟ್ಟುಕೊಳ್ಳುತ್ತೇನೆ. ವರದಿಯ ಪ್ರತಿ ಪುಟಕ್ಕೂ ಇಬ್ಬರ ಸಹಿ ಆಗುತ್ತದೆ. ಆಮೇಲೂ 7 ದಿನ ಅವಕಾಶ ಕೊಡುತ್ತೇನೆ: ವಾಸ ಶುರುಮಾಡಿದ ಮೇಲೆ ಕಣ್ಣಿಗೆ ಬಿದ್ದ ದೋಷ ಏನಿದ್ದರೂ ಬರೆದು ಸೇರಿಸಬಹುದು. ಈ ಅವಕಾಶ ಪಡೆದವರು ಬಿಡುವಾಗ ‘ಇದು ಮೊದಲೇ ಹೀಗಿತ್ತು’ ಎಂದು ವಾದಿಸುವುದು ಕಷ್ಟ. ಅವರ ಪಟ್ಟಿಯಲ್ಲಿ ನಿಜವಾದ ದೋಷ ಸಿಕ್ಕರೆ ರಿಪೇರಿ ಆಗ ಅಗ್ಗದಲ್ಲೇ ಮುಗಿಯುತ್ತದೆ.

ಬಾಡಿಗೆ ಬಾಕಿಯ ವಿಚಾರದಲ್ಲಿ ಎಲ್ಲಕ್ಕಿಂತ ಮುಖ್ಯ ಒಂದು ಲೆಕ್ಕದ ಹಾಳೆ. ನಾಲ್ಕು ಕಾಲಂ ಸಾಕು: ದಿನಾಂಕ, ಬರಬೇಕಾದದ್ದು, ಬಂದದ್ದು, ಉಳಿದ ಬಾಕಿ. ವಾಯಿದೆ ದಾಟಿದ ಮರುದಿನವೇ ಒಂದು ಚಿಕ್ಕ ಸಂದೇಶ ಹೋಗುತ್ತದೆ: ‘ನಮಸ್ಕಾರ. ಈ ತಿಂಗಳ ಬಾಡಿಗೆ 5ನೇ ತಾರೀಕಿಗೆ ಬರಬೇಕಿತ್ತು, ಇನ್ನೂ ಬಂದಿಲ್ಲ. ಯಾವತ್ತು ಕಳಿಸುತ್ತೀರಿ ತಿಳಿಸಿ.’ ಇಷ್ಟೇ. ಕಾರಣ ಕೇಳುವುದಿಲ್ಲ, ದಿನ ಕೇಳುತ್ತೇನೆ. ಸಂಕೋಚದಿಂದ ಎರಡು ವಾರ ಸುಮ್ಮನಿದ್ದರೆ ತಡವಾದರೂ ನಡೆಯುತ್ತದೆ ಎಂಬ ಅಭ್ಯಾಸ ಕೂತುಬಿಡುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ನಾಲ್ಕೈದು ದಿನದಲ್ಲಿ ಉತ್ತರ ಬರದಿದ್ದರೆ ಫೋನ್ ಮಾಡುತ್ತೇನೆ, ಫೋನಿನಲ್ಲಿ ಆದ ಮಾತನ್ನು ಕೂಡಲೇ ಎರಡು ಸಾಲಲ್ಲಿ ಬರೆದು ಕಳಿಸುತ್ತೇನೆ. ಹತ್ತು ದಿನ ದಾಟಿದರೆ ಲೆಕ್ಕದ ಹಾಳೆಯ ಸಮೇತ ಪತ್ರ.

ಕೊಡಲಾಗದವರು ಬೇರೆ, ಕೊಡದವರು ಬೇರೆ. ಇದನ್ನು ಮುಖ ನೋಡಿ ಹೇಳಲು ನನಗೆ ಬರುವುದಿಲ್ಲ, ಕಂತಿನ ಒಪ್ಪಂದ ಹೇಳಿಬಿಡುತ್ತದೆ. ಬಾಡಿಗೆ 100 ಎಂದಿಟ್ಟುಕೊಳ್ಳೋಣ, ಬಾಕಿ 200. ಮುಂದಿನ ತಿಂಗಳು ಎಲ್ಲ ಸೇರಿಸಿ 300 ಕೊಡಿ ಎಂದರೆ ಯಾರಿಂದಲೂ ಆಗುವುದಿಲ್ಲ. 100 ಕೊಡಲು ಒದ್ದಾಡುತ್ತಿರುವವರು ಅವರು. ತಿಂಗಳಿಗೆ 125ರಂತೆ (100 ಆ ತಿಂಗಳ ಬಾಡಿಗೆ, 25 ಹಳೆಯ ಬಾಕಿಗೆ) 8 ತಿಂಗಳು ಎಂದರೆ ಬಾಕಿ ಪೂರ್ತಿ ತೀರುತ್ತದೆ. ಕೊಡಲಾಗದವರು ಇದಕ್ಕೆ ಒಪ್ಪಿ ಮೊದಲ ಕಂತು ಕಟ್ಟುತ್ತಾರೆ. ಕೊಡದವರು ಒಪ್ಪಿಯೂ ಮೊದಲ ಕಂತೇ ತಪ್ಪಿಸುತ್ತಾರೆ. ಅದಕ್ಕಾಗಿ ಒಪ್ಪಂದದಲ್ಲಿ ಮೂರು ಮಾತು ಇರಲೇಬೇಕು: ಒಟ್ಟು ಬಾಕಿ ಇಷ್ಟು ಎಂದು ಅವರು ಒಪ್ಪಿದ್ದಾರೆ, ಪ್ರತಿ ಕಂತಿನ ತಾರೀಕು ಇಂಥದ್ದು, ಒಂದು ಕಂತು ತಪ್ಪಿದರೂ ಈ ಸೌಲಭ್ಯ ರದ್ದು. ಮೊದಲನೆಯದೇ ಹೆಚ್ಚು ಬೆಲೆಯದು. ಸಹಿ ಹಾಕಿದ ಬಾಕಿಯನ್ನು ಮುಂದೆ ಅಲ್ಲಗಳೆಯುವುದು ಸುಲಭವಲ್ಲ.

ಅರೆಬರೆ ಹಣ ಬಂದಾಗ ರಸೀದಿಯಲ್ಲಿ ‘ಹಳೆಯ ಬಾಕಿಗೆ ಜಮಾ’ ಎಂದು ಬರೆಯಬೇಕು. ಬರೆಯದಿದ್ದರೆ ಈ ತಿಂಗಳದ್ದು ಕೊಟ್ಟಾಯಿತು, ಹಳೆಯದು ಆಮೇಲೆ ನೋಡೋಣ ಎಂಬ ವಾದ ಶುರುವಾಗುತ್ತದೆ. ಬಾಡಿಗೆದಾರರ ಪರವಾಗಿ ಬೇರೆ ಯಾರಾದರೂ ಹಣ ಹಾಕಿದರೆ ರಸೀದಿ ಕರಾರಿನಲ್ಲಿರುವವರ ಹೆಸರಿಗೇ ಆಗಬೇಕು, ಯಾರ ಮೂಲಕ ಬಂತು ಎಂಬುದು ಒಳಗೆ. ಇಲ್ಲವಾದರೆ ನಾಳೆ ಹಣ ಕಟ್ಟಿದವರೇ ತಾವೂ ಬಾಡಿಗೆದಾರರು ಎಂದು ನಿಲ್ಲಬಹುದು. ಮನೆ ಬಿಡಲು ನೋಟಿಸ್ ಕೊಟ್ಟ ಮೇಲೆ ಬರುವ ಹಣದಲ್ಲಿ ಇನ್ನೂ ಎಚ್ಚರ ಬೇಕು. ನೋಟಿಸ್ ನಂತರ ಎಂದಿನಂತೆ ಬಾಡಿಗೆ ಪಡೆದರೆ ನೋಟಿಸನ್ನೇ ಕೈಬಿಟ್ಟಂತೆ ಎಂದು ನೋಡುವ ಕಾನೂನುಗಳು ಹಲವೆಡೆ ಇವೆ. ಆ ಹಂತದಲ್ಲಿ ಹಣ ಮುಟ್ಟುವ ಮುಂಚೆ ವಕೀಲರನ್ನು ಕೇಳಿ, ಅವರು ಹೇಳಿದ ಒಕ್ಕಣೆಯಲ್ಲೇ ರಸೀದಿ ಬರೆಯುವುದು ಒಳ್ಳೆಯದು. ‘ಕೊನೆಯ ಎರಡು ತಿಂಗಳು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ’ ಎಂಬ ಮಾತಿಗೆ ನನ್ನ ಉತ್ತರ ಯಾವಾಗಲೂ ಇಲ್ಲ. ಒಪ್ಪಿದರೆ ಒಡೆದ ಸಿಂಕಿಗೂ ಕಟ್ಟದ ಬಿಲ್ಲಿಗೂ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇನ್ನು ಸದಾ ದೂರು ಹೇಳುವವರು. ಮಾಲೀಕರ ಬಾಯಲ್ಲಿ ‘ತಲೆನೋವು’ ಎನಿಸಿಕೊಂಡ ಬಾಡಿಗೆದಾರರಲ್ಲಿ ಎಷ್ಟೋ ಜನರ ದೂರು ನಿಜವೇ ಆಗಿರುತ್ತದೆ. ನಾನು ದೂರು ಬಂದ ದಿನವೇ ‘ತಲುಪಿತು, ಇಂಥ ದಿನ ನೋಡುತ್ತೇನೆ’ ಎಂದು ಬರೆಯುತ್ತೇನೆ. ನೀರು ಧಾರಾಕಾರ ಹರಿಯುವುದು, ಶಾಕ್ ಹೊಡೆಯುವುದು, ಗ್ಯಾಸ್ ವಾಸನೆ, ಮುಂಬಾಗಿಲ ಬೀಗ ಬೀಳದಿರುವುದು, ಇರುವ ಒಂದೇ ಶೌಚಾಲಯ ಕಟ್ಟಿಕೊಂಡಿರುವುದು, ಇವಕ್ಕೆ 24 ಗಂಟೆ ಕೂಡ ಕಾಯುವಂತಿಲ್ಲ. ತೊಟ್ಟಿಕ್ಕುವ ನಲ್ಲಿಗೆ ಒಂದು ವಾರ. ಸವೆದ ಬಣ್ಣಕ್ಕೆ ಮುಂದಿನ ಸುತ್ತಿನ ಕೆಲಸ. ಕೇಳಿದ ರಿಪೇರಿ ಮಾಡದೆ ಬಾಡಿಗೆ ಕೇಳಲು ಹೋದರೆ ಅವರ ಕೈಗೆ ನಾವೇ ಕಾರಣ ಕೊಟ್ಟಂತೆ.

ತೇವ ಮತ್ತು ಬೂಷ್ಟಿನ ಜಗಳ ಎಲ್ಲಕ್ಕಿಂತ ಉದ್ದ ಎಳೆಯುತ್ತದೆ. ಗೋಡೆ ಸರಿಯಿಲ್ಲ ಎಂದು ಅವರು, ಕಿಟಕಿ ತೆಗೆಯುವುದಿಲ್ಲ ಎಂದು ನಾವು. ಇದಕ್ಕೆ ಹಾಳೆಯ ಪರೀಕ್ಷೆ ಇದೆ. ತೇವದ ಜಾಗವನ್ನು ಒರೆಸಿ ಒಣಗಿಸಿ, ಸುಮಾರು 30 ಸೆಂಟಿಮೀಟರ್ ಚೌಕದ ಅಲ್ಯೂಮಿನಿಯಂ ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಟೇಪ್ ಹಾಕಿ ಒಂದೆರಡು ದಿನ ಬಿಡಬೇಕು. ಹಾಳೆಯ ಹೊರಮೈ ಮೇಲೆ ಹನಿ ಕಟ್ಟಿದರೆ ಕೋಣೆಯ ಗಾಳಿಯ ತೇವ ತಣ್ಣನೆಯ ಗೋಡೆಗೆ ಬಂದು ಕೂರುತ್ತಿದೆ. ಗೋಡೆಗೆ ಅಂಟಿದ ಬದಿ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ, ಅದು ನನ್ನ ಖರ್ಚು. ಎರಡೂ ಬದಿ ಒದ್ದೆಯಾಗುವುದೂ ಉಂಟು, ಆಗ ಇಬ್ಬರಿಗೂ ಕೆಲಸ ಇದೆ. ನೆಲದಿಂದ ಸುಮಾರು ಒಂದು ಮೀಟರ್ ಒಳಗೆ, ಮೇಲಂಚಿನಲ್ಲಿ ಬಿಳಿ ಉಪ್ಪಿನ ಗೆರೆಯೊಂದಿಗೆ ತೇವ ನಿಂತಿದ್ದರೆ ಅದು ತಳಪಾಯದಿಂದ ಏರಿದ್ದು. ಸೀಲಿಂಗಿನಲ್ಲಿ ಕಂದು ಅಂಚಿನ ಉಂಗುರ ಕಂಡರೆ ಮೇಲಿನ ಪೈಪೋ ಛಾವಣಿಯೋ ಸೋರುತ್ತಿದೆ.

ಗಾಳಿಯ ತೇವವೇ ಕಾರಣ ಎಂದಾದರೆ ಒಂದು ಚಿಕ್ಕ ಆರ್ದ್ರತಾ ಮಾಪಕ ಕೊಟ್ಟು ಗೋಡೆಗೆ ನೇತುಹಾಕಿಸುತ್ತೇನೆ. 60 ಶೇಕಡಾಕ್ಕಿಂತ ಕೆಳಗಿದ್ದರೆ ಬೂಷ್ಟಿನ ಭಯ ಕಡಿಮೆ. ಕೋಣೆಯೊಳಗೆ ಬಟ್ಟೆ ಒಣಹಾಕುವುದು, ಪಾತ್ರೆ ಮುಚ್ಚದೆ ಕುದಿಸುವುದು, ಸ್ನಾನವಾದ ಮೇಲೆ ಬಚ್ಚಲ ಬಾಗಿಲನ್ನು ಮನೆಯ ಕಡೆಗೆ ತೆರೆದಿಡುವುದು, ಬೀರುವನ್ನು ಗೋಡೆಗೆ ಒತ್ತಿ ಇಡುವುದು, ಇವು ಸಾಮಾನ್ಯ ಕಾರಣಗಳು. ಬೀರು ಮತ್ತು ಗೋಡೆಯ ನಡುವೆ ಅಂಗೈ ತೂರುವಷ್ಟು ಜಾಗ ಬಿಟ್ಟರೆ ಗಾಳಿ ಆಡುತ್ತದೆ. ಹಾಗೆಂದು ಉಪದೇಶ ಮಾಡಿ ಎದ್ದು ಬರುವುದಲ್ಲ: ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಹಾಕಿಸುವುದು ಮಾಲೀಕರ ಕೆಲಸ.

ಬಿಲ್ಲಿನ ತಕರಾರೂ ಹೀಗೆಯೇ ಬಗೆಹರಿಯುತ್ತದೆ. ನೀರಿನ ಬಿಲ್ ಹೆಚ್ಚು ಬಂತೆಂದರೆ ಎಲ್ಲ ನಲ್ಲಿ ಮುಚ್ಚಿ ಮೀಟರ್ ಬರೆದುಕೊಂಡು, ಒಂದು ಗಂಟೆ ಯಾರೂ ನೀರು ಮುಟ್ಟದೆ ಮತ್ತೆ ನೋಡಬೇಕು. ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ. ಮೊದಲು ಅನುಮಾನ ಪಡಬೇಕಾದದ್ದು ಫ್ಲಷ್ ಟ್ಯಾಂಕ್. ಟ್ಯಾಂಕಿನ ನೀರಿಗೆ ಅಡುಗೆಗೆ ಬಳಸುವ ಬಣ್ಣ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಫ್ಲಷ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಸವೆದಿದೆ. ಇದು ಸದ್ದಿಲ್ಲದೆ ಹಗಲು ರಾತ್ರಿ ಸೋರುತ್ತದೆ, ಕಿವಿಗೂ ಕಣ್ಣಿಗೂ ಸಿಗುವುದಿಲ್ಲ. ವಿದ್ಯುತ್ ಬಿಲ್ ವಿಪರೀತ ಎಂದಾಗ ಅವರ ಮನೆಯೊಳಗಿನ ಮೇನ್ ಸ್ವಿಚ್ ಆರಿಸಿ ಮೀಟರ್ ನೋಡುತ್ತೇನೆ. ಆಗಲೂ ಓಡುತ್ತಿದ್ದರೆ ಮೆಟ್ಟಿಲ ದೀಪವೋ ನೀರಿನ ಪಂಪೋ ಪಕ್ಕದ ಮನೆಯ ವೈರೋ ಅವರ ಮೀಟರಿಗೆ ಸೇರಿಕೊಂಡಿದೆ. ಎಲೆಕ್ಟ್ರಿಷಿಯನ್ ಕರೆಸಿ ಬೇರ್ಪಡಿಸುವುದು, ಹಳೆಯ ವ್ಯತ್ಯಾಸವನ್ನು ಬಾಡಿಗೆಯಲ್ಲಿ ಕಳೆದುಕೊಡುವುದು.

ಡ್ರೈನೇಜ್ ಕಟ್ಟಿಕೊಂಡರೆ ಖರ್ಚು ಯಾರದು ಎನ್ನುವುದನ್ನು ಒಳಗಿಂದ ಹೊರಬಂದದ್ದು ಹೇಳುತ್ತದೆ. ಬಟ್ಟೆ, ಪ್ಯಾಡ್, ಗಟ್ಟಿಯಾದ ಜಿಡ್ಡು ಬಂದರೆ ಬಳಸಿದವರದು. ಮರದ ಬೇರು, ಕುಸಿದ ಪೈಪ್, ತಪ್ಪು ಇಳಿಜಾರು ಆದರೆ ಮಾಲೀಕರದು. ಪ್ಲಂಬರ್ ಬಿಲ್ಲಿನಲ್ಲಿ ‘ಬ್ಲಾಕ್ ತೆಗೆದದ್ದು’ ಎಂದಷ್ಟೇ ಬರೆದರೆ ಉಪಯೋಗವಿಲ್ಲ, ಕಾರಣವನ್ನೂ ಬರೆಸಿ ಫೋಟೋ ತೆಗೆಸಬೇಕು. ಎರಡು ಮನೆಗೆ ಒಂದೇ ಲೈನ್ ಇದ್ದರೆ ಯಾರ ಮೇಲೂ ಹೊರಿಸಲು ಆಗುವುದಿಲ್ಲ, ಸುಮ್ಮನೆ ಕೊಟ್ಟುಬಿಡಿ.

ಗದ್ದಲದ ದೂರು ಬಂದರೆ ದೂರಿದವರ ಹೆಸರನ್ನು ಎದುರಿನವರಿಗೆ ಹೇಳುವುದಿಲ್ಲ; ದೂರಿದವರಿಗೆ ತಾರೀಕು, ಶುರುವಾದ ಮತ್ತು ನಿಂತ ಸಮಯ, ಯಾವ ಕೋಣೆಗೆ ಕೇಳಿಸಿತು ಎಂದು ಎರಡು ವಾರ ಬರೆಯಲು ಹೇಳುತ್ತೇನೆ. ಪಟ್ಟಿ ನೋಡಿದರೆ ಮೂಲ ಗೊತ್ತಾಗುತ್ತದೆ. ಪ್ರತಿ ಬಾರಿಯೂ ಬಟ್ಟೆ ಒಗೆಯುವ ಹೊತ್ತೇ ಆಗಿದ್ದರೆ ಮೆಷಿನ್ನಿನ ಕಾಲು ಸಮ ಇಲ್ಲ. ಮಟ್ಟಗೋಲು ಇಟ್ಟು ಸರಿಮಾಡಬೇಕು. ಹೊಸ ಮೆಷಿನ್ ಆದರೆ ಸಾಗಣೆಗೆ ಹಾಕಿದ ಬೋಲ್ಟ್ ತೆಗೆಯದೇ ಓಡಿಸುತ್ತಿರಲೂಬಹುದು. ಕುರ್ಚಿ ಎಳೆಯುವ ಸದ್ದಿಗೆ ಕಾಲಿಗೆ ಅಂಟಿಸುವ ಫೆಲ್ಟ್ ಸಾಕು. ತಡರಾತ್ರಿಯ ಕುಡಿತದ ಗಲಾಟೆಗೆ ಮಾತ್ರ ಕರಾರಿನ ಷರತ್ತು ಉಲ್ಲೇಖಿಸಿ ಪತ್ರವೇ ಬೇಕು.

ಮನೆ ನೋಡಲು ಹೋಗುವ ಮುಂಚೆ ಕನಿಷ್ಠ 24 ಗಂಟೆ ಮೊದಲು ಬರೆದು ತಿಳಿಸುತ್ತೇನೆ, ಕಾನೂನು ಹೆಚ್ಚು ಕೇಳಿದರೆ ಅಷ್ಟು. ಅವರ ಬೀರು ತೆರೆಯುವುದಿಲ್ಲ, ಅವರ ಸಾಮಾನಿನ ಫೋಟೋ ತೆಗೆಯುವುದಿಲ್ಲ. ಸಿಂಕ್ ಕೆಳಗೆ, ಬಚ್ಚಲ ಮೂಲೆ, ಸ್ವಿಚ್ ಬೋರ್ಡಿನ ಸುಟ್ಟ ಗುರುತು, ಕರಾರಿನಲ್ಲಿರುವ ಜನಕ್ಕಿಂತ ಹೆಚ್ಚು ಹಾಸಿಗೆ ಇದೆಯೇ ಎನ್ನುವುದು, ಇಷ್ಟು ನೋಡಿದರೆ ಹತ್ತು ನಿಮಿಷದ ಕೆಲಸ.

ಎಷ್ಟೇ ಸಿಟ್ಟು ಬಂದರೂ ಮಾಡಬಾರದ ಮೂರು ಕೆಲಸ: ಬೀಗ ಬದಲಿಸುವುದು, ನೀರು ಅಥವಾ ವಿದ್ಯುತ್ ಕಡಿಯುವುದು, ಸಾಮಾನು ಹೊರಗಿಡುವುದು. ಹೆಚ್ಚಿನ ಕಡೆ ಇವು ಕಾನೂನುಬಾಹಿರ. ಅಲ್ಲಿಯವರೆಗೆ ಬಾಕಿದಾರರಾಗಿದ್ದವರು ಒಂದೇ ಸಂಜೆಯಲ್ಲಿ ದೂರುದಾರರಾಗುತ್ತಾರೆ, ನಾವು ಕೂಡಿಟ್ಟ ಕಾಗದವೆಲ್ಲ ಬಲ ಕಳೆದುಕೊಳ್ಳುತ್ತದೆ. ಬೈಗುಳ ಶುರುವಾದರೆ ಫೋನ್ ಇಟ್ಟು, ಮುಂದಿನದು ಬರಹದಲ್ಲಿ ಎಂದು ತಿಳಿಸುತ್ತೇನೆ. ಒಂದು ಸಂದೇಶಕ್ಕೆ ಒಂದೇ ವಿಷಯ. ಬಾಕಿ, ನಾಯಿ, ಪಾರ್ಕಿಂಗ್ ಮೂರನ್ನೂ ಒಂದರಲ್ಲಿ ತುರುಕಿದರೆ ಸುಲಭದ್ದಕ್ಕೆ ಮಾತ್ರ ಉತ್ತರ ಬರುತ್ತದೆ. ಬೆದರಿಕೆ ಬಂದರೆ ಅದು ಪೊಲೀಸರ ವಿಷಯ, ನಾನು ಉತ್ತರಿಸುವುದಿಲ್ಲ.

ದಾರಿ ಎಲ್ಲವೂ ಮುಗಿದಾಗ ನ್ಯಾಯಾಲಯಕ್ಕೆ ಹೋಗುವ ಮುಂಚೆ ಒಂದು ಲೆಕ್ಕ ಹಾಕುತ್ತೇನೆ. ಮೊಕದ್ದಮೆ ಮುಗಿಯುವವರೆಗೆ ಬಾರದ ಬಾಡಿಗೆ, ವಕೀಲರ ಫೀಸು, ಅಷ್ಟರಲ್ಲಿ ಮನೆಗೆ ಆಗುವ ಹಾನಿ. ಈ ಮೊತ್ತಕ್ಕಿಂತ ಸಾಕಷ್ಟು ಕಡಿಮೆಯಲ್ಲಿ, ಬಾಕಿಯ ಒಂದು ಭಾಗ ಬಿಟ್ಟುಕೊಟ್ಟು ರಾಜಿಯಾಗುವುದಾದರೆ ಅದೇ ಲಾಭ. ಇದಕ್ಕೆ ಅಭಿಮಾನ ಅಡ್ಡ ಬರುತ್ತದೆ, ನನಗೂ ಬರುತ್ತದೆ. ಲೆಕ್ಕ ಕಾಗದದ ಮೇಲಿದ್ದರೆ ಸ್ವಲ್ಪ ಕಡಿಮೆಯಾಗುತ್ತದೆ. ರಾಜಿ ಪತ್ರದಲ್ಲಿ ಬಿಡುವ ದಿನ ಮತ್ತು ಸಮಯ, ಬಿಟ್ಟುಕೊಡುವ ಮೊತ್ತ, ಇನ್ನು ಯಾವ ಹಕ್ಕೂ ಉಳಿದಿಲ್ಲ ಎಂಬ ಮಾತು ಇರಲಿ. ಅವರಿಗೆ ಕೊಡಬೇಕಾದ ಹಣ ಏನಾದರೂ ಇದ್ದರೆ ಅದು ಅವರ ಕೈಸೇರಬೇಕಾದದ್ದು ಮನೆ ಖಾಲಿಯಾಗಿ ಕೀಲಿಕೈ ನಮ್ಮ ಕೈಗೆ ಬಂದ ಕ್ಷಣದಲ್ಲಿ, ಮುಂಚೆ ಅಲ್ಲ.

ಅಡ್ವಾನ್ಸಿನಲ್ಲಿ ಹಿಡಿಯುವಾಗ ವಸ್ತುವಿನ ಆಯುಷ್ಯ ನೋಡಬೇಕು. ಬಣ್ಣ 5 ವರ್ಷ ಬರುವಂಥದ್ದು, ಅವರು 3 ವರ್ಷ ಇದ್ದರು ಎಂದಾದರೆ ಗೋಡೆ ಹಾಳು ಮಾಡಿದ್ದರೂ ಹಿಡಿಯಬೇಕಾದದ್ದು ಹೊಸ ಬಣ್ಣದ ಖರ್ಚಿನ ಐದರಲ್ಲಿ ಎರಡು ಪಾಲು. ದಿನನಿತ್ಯದ ಸವೆತಕ್ಕೆ ಏನೂ ಹಿಡಿಯುವಂತಿಲ್ಲ. ಪ್ರತಿ ಕಡಿತದ ಎದುರಿಗೆ ಬಂದ ದಿನದ ಫೋಟೋ, ಬಿಟ್ಟ ದಿನದ ಫೋಟೋ, ಬಿಲ್ ಮೂರನ್ನೂ ಲಗತ್ತಿಸಿ ಕಳಿಸುತ್ತೇನೆ. ಸಾಮಾನು ಬಿಟ್ಟುಹೋಗಿದ್ದರೆ ಇಬ್ಬರು ಸಾಕ್ಷಿಗಳ ಮುಂದೆ ವಿಡಿಯೋ ಮಾಡಿ ಪಟ್ಟಿ ಬರೆದು, ಒಂದು ಕಡೆ ಭದ್ರವಾಗಿಟ್ಟು, ಒಯ್ಯಲು ಗಡುವು ಕೊಟ್ಟು ಪತ್ರ ಕಳಿಸಬೇಕು. ಎಷ್ಟು ದಿನ ಇಡಬೇಕು, ಆಮೇಲೆ ಏನು ಮಾಡಬಹುದು ಎಂಬುದಕ್ಕೆ ಹಲವು ಕಡೆ ಕಾನೂನೇ ನಿಯಮ ಹಾಕಿರುತ್ತದೆ. ಮನೆ ಬಿಟ್ಟ ದಿನವೇ ಮೀಟರ್ ರೀಡಿಂಗ್ ತೆಗೆದು, ಬೀಗದ ಒಳಗಿನ ಸಿಲಿಂಡರ್ ಬದಲಿಸುತ್ತೇನೆ. ಎಷ್ಟು ನಕಲಿ ಕೀಲಿಕೈ ಮಾಡಿಸಿದ್ದರೋ ಲೆಕ್ಕ ಇರುವುದಿಲ್ಲ. ಆ ಬಾಡಿಗೆದಾರರು ಮುಂದೆ ಹೋಗುವ ಮನೆಯ ಮಾಲೀಕರು ಫೋನ್ ಮಾಡಿ ಇವರ ಬಗ್ಗೆ ಕೇಳಿದರೆ ಎಂದಿನಿಂದ ಎಂದಿನವರೆಗೆ ಇದ್ದರು, ಬಿಡುವಾಗ ಬಾಕಿ ಎಷ್ಟಿತ್ತು ಎಂದಷ್ಟೇ ಹೇಳುತ್ತೇನೆ, ಲೆಕ್ಕದ ಹಾಳೆ ನೋಡಿಕೊಂಡು.